ನಾಲ್ಕನೆಯ ನುಡಿ: ಕೋಲಾರ ಸೀಮೆಯ ಧರ್ಮಸಭೆ ಮತ್ತು ಮುಸಲ್ಮಾನ ನೆರೆಹೊರೆ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರದ ಸೀಮೆಯಲ್ಲಿ ಶುಭಸಂದೇಶವು ಮುಖ್ಯವಾಗಿ ಮೂರು ನುಡಿಗಳಲ್ಲಿ ಬೋಧಿಸಲ್ಪಟ್ಟಿದೆ. ಕನ್ನಡ ನಾಡಿನ ಭಾಷೆ. ತೆಲುಗು ಗಡಿಯ ಹಳ್ಳಿಗಳ ಮನೆಮಾತು. ತಮಿಳು ಚಿನ್ನದ ಗಣಿಯೊಡನೆ ಬಂದು ನೆಲೆನಿಂತ ಕ್ರೈಸ್ತರ ಮಾತು. ಆದರೆ ಇಲ್ಲಿನ ಪೇಟೆಬೀದಿಗಳಲ್ಲಿ ನಾಲ್ಕನೆಯದೊಂದು ನುಡಿ ಸುಮಾರು ಮೂರೂವರೆ ಶತಮಾನಗಳಿಂದ ಕೇಳಿಬರುತ್ತಿದೆ. ಅದು ದಖನಿ. ‘ಹೌ’, ‘ನಕ್ಕೋ’, ‘ಕೈಕು’ ಎಂಬ ಅದರ ಮಾತುಗಳನ್ನು ಅರಿಯದ ಕೋಲಾರದವನಿಲ್ಲ. ಅಷ್ಟಾಗಿಯೂ ಆ ನುಡಿ ನಮ್ಮ ದೇವಾಲಯಗಳ ಬಾಗಿಲಿನಾಚೆಯೇ ಉಳಿದಿದೆ. ಈ ಸೀಮೆಯಲ್ಲಿ ಕ್ರೈಸ್ತರು ತಮ್ಮ ಮುಸಲ್ಮಾನ ನೆರೆಯವರನ್ನು ಸಮೀಪಿಸಿದ ಇತಿಹಾಸವೆಂದರೆ ಬಹುಮಟ್ಟಿಗೆ ಈ ನುಡಿಯನ್ನು ಕಲಿತ ಅಥವಾ ಕಲಿಯದೆ ಹೋದ ಇತಿಹಾಸವೇ ಎಂಬುದು ಈ ಲೇಖನದಲ್ಲಿ ನಾವು ಮಂಡಿಸಲಿರುವ ವಿಚಾರ.

ಮೊದಲು ಒಂದು ಮಾತನ್ನು ನೇರಗೊಳಿಸಬೇಕು. ನಗರಗಳಲ್ಲಿನ ಧರ್ಮಸೇವೆಯನ್ನು ಕುರಿತ ಪಾಶ್ಚಾತ್ಯ ಬರಹಗಳು ಮುಸಲ್ಮಾನನನ್ನು ಸಾಮಾನ್ಯವಾಗಿ ವಲಸೆ ಬಂದವನೆಂದೂ ಕ್ರೈಸ್ತನನ್ನು ಆತಿಥ್ಯ ನೀಡುವವನೆಂದೂ ಭಾವಿಸಿಕೊಂಡು ಹೊರಡುತ್ತವೆ. ಲಂಡನ್ ಅಥವಾ ಪ್ಯಾರಿಸ್ ನಗರಕ್ಕೆ ಆ ಚಿತ್ರ ಒಪ್ಪೀತು. ಕೋಲಾರಕ್ಕೆ ಅದನ್ನು ತಿರುಗಿಸಿ ಹಿಡಿಯಬೇಕಾಗುತ್ತದೆ. 17ನೇ ಶತಮಾನದ ಮಧ್ಯಭಾಗದ ಹೊತ್ತಿಗೆ ಈ ಸೀಮೆ ಬಿಜಾಪುರದ ಆದಿಲಶಾಹಿಗೆ ಸೇರಿ, ಶಹಾಜಿಯ ಜಹಗೀರಿಗೆ ಒಳಪಟ್ಟಿತು. ಆ ಶತಮಾನದ ಕೊನೆಯಲ್ಲಿ ಮೊಗಲರು ಶಿರಾವನ್ನು ಕೇಂದ್ರವಾಗಿಸಿ ಆಡಳಿತ ನಡೆಸಿದಾಗ ಕೋಲಾರವು ಅದರ ಪರಗಣೆಗಳಲ್ಲಿ ಒಂದಾಯಿತು. ಸಿಪಾಯಿಗಳು, ಲೆಕ್ಕಿಗರು, ಕುಶಲಕರ್ಮಿಗಳು, ಸೂಫಿ ಸಾಧಕರು ಆ ಕಾಲದಲ್ಲಿ ಬಂದು ನೆಲೆಸಿದರು. ಕೋಲಾರದ ಫೌಜುದಾರರಾಗಿದ್ದ ಫತೇ ಮಹಮ್ಮದರ ಸಮಾಧಿ ಇಂದಿಗೂ ಊರಿನೊಳಗಿದೆ. ಅವರ ಜಹಗೀರಿನ ಊರಾದ ಬೂದಿಕೋಟೆಯಲ್ಲಿ ಹುಟ್ಟಿದವರೇ ಹೈದರ್ ಅಲಿ. ಮುಳಬಾಗಿಲಿನಲ್ಲಿ ಹಜ್ರತ್ ಬಾಬಾ ಹೈದರ್ ವಲಿಯವರ ದರ್ಗಾಕ್ಕೆ ಹಿಂದೂಗಳೂ ಹರಕೆ ಹೊತ್ತು ಹೋಗುತ್ತಾರೆ. ಇದಕ್ಕೆ ಹೋಲಿಸಿದರೆ ಈ ಪ್ರದೇಶದ ಕ್ರೈಸ್ತ ಸಮುದಾಯದ ಬಹುಪಾಲು ಹೊಸದು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಗಣಿಗಾರಿಕೆ ಊರ್ಜಿತವಾದ ಮೇಲೆ ಆರ್ಕಾಟು ಸೀಮೆಯಿಂದ ಬಂದ ಕೂಲಿಗಳೊಡನೆ ಅದು ಬೆಳೆಯಿತು. ವಲಸೆ ಬಂದವರು ಇಲ್ಲಿ ನಾವು. ನೆರೆಯವನ ಹೊಸ್ತಿಲಲ್ಲಿ ನಿಂತು ಮಾತನಾಡುವವನಿಗೆ ಇರಬೇಕಾದ ವಿನಯ ಯಾವುದೆಂಬುದನ್ನು ಈ ಕಾಲಾನುಕ್ರಮವೇ ಸೂಚಿಸುತ್ತದೆ.

ಗಣಿಗಳಿಗಿಂತ ಮುಂಚೆಯೂ ಈ ಹಾದಿಯಲ್ಲಿ ಧರ್ಮಪ್ರಚಾರಕರು ನಡೆದಿದ್ದಾರೆ. 17ನೇ ಶತಮಾನದ ಮಧ್ಯದಲ್ಲಿ ಲಿಯೊನಾರ್ದೊ ಚಿನ್ನಾಮಿಯವರು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. 18ನೇ ಶತಮಾನದ ಆರಂಭದಲ್ಲಿ ಫ್ರೆಂಚ್ ಯೇಸುಸಭೆಯವರ ಕರ್ನಾಟಿಕ್ ಮಿಷನ್ ಪುಂಗನೂರು ಮತ್ತು ಚಿಕ್ಕಬಳ್ಳಾಪುರಗಳಲ್ಲಿ ಕೆಲಸಮಾಡಿತು. ಶ್ರೀನಿವಾಸಪುರ, ಮುಳಬಾಗಿಲುಗಳಿಗೆ ಪುಂಗನೂರು ದೂರದ ಊರೇನಲ್ಲ. ಈ ಗುರುಗಳು ಕಾವಿಯುಟ್ಟು ಸನ್ಯಾಸಿಗಳಂತೆ ಬಾಳಿದರು, ಮಾಂಸಾಹಾರ ತೊರೆದರು, ಕನ್ನಡ ತೆಲುಗುಗಳಲ್ಲಿ ಪಾಂಡಿತ್ಯ ಗಳಿಸಿದರು. ಅವರ ಸಾಧನೆಯನ್ನು ನಮ್ಮ ಗುರುಮಠಗಳಲ್ಲಿ ಸಂಸ್ಕೃತೀಕರಣದ ಮಾದರಿಯೆಂದು ಸರಿಯಾಗಿಯೇ ಬೋಧಿಸುತ್ತೇವೆ. ಆದರೆ ಸನ್ಯಾಸಿಯ ವೇಷ ಯಾರತ್ತ ಮುಖಮಾಡಿತ್ತು ಎಂಬ ಪ್ರಶ್ನೆಯನ್ನು ನಾವು ಕೇಳುವುದು ಅಪರೂಪ. ಅದೇ ಯೇಸುಸಭೆಯ ಜೆರೋಮ್ ಕ್ಸೇವಿಯರ್ ಅವರು ಮೊಗಲ್ ಆಸ್ಥಾನದಲ್ಲಿ ಪರ್ಷಿಯನ್ ಕಲಿತು, 1602ರಲ್ಲಿ ಅಕ್ಬರನಿಗಾಗಿ ಯೇಸುವಿನ ಚರಿತ್ರೆಯಾದ ‘ಮಿರಾತುಲ್ ಖುದ್ಸ್’ ಕೃತಿಯನ್ನು ಪೂರೈಸಿದ್ದರು. ಉತ್ತರದಲ್ಲಿ ಮುಸಲ್ಮಾನನೇ ಸಂವಾದದ ಎದುರಾಳಿ. ದಕ್ಷಿಣದಲ್ಲಿ ಅವನು ಬಹುತೇಕ ಅಧಿಕಾರಿ ಮಾತ್ರ, ಅಪ್ಪಣೆಚೀಟಿ ಕೊಡುವವ ಅಥವಾ ತಡೆಯುವವ. ಈ ಅಂತರವು ದೈವಶಾಸ್ತ್ರದಿಂದ ಹುಟ್ಟಿದ್ದಲ್ಲ, ಯಾವ ಬಾಗಿಲಿನಿಂದ ನಾಡನ್ನು ಹೊಕ್ಕೆವೆಂಬುದರಿಂದ ಹುಟ್ಟಿತು.

ದಖನಿಯನ್ನು ಮನಸ್ಸಿಟ್ಟು ಕಲಿತವರು ಲುಥೆರನ್ನರು. ಈ ಪತ್ರಿಕೆಯ ಕಥೋಲಿಕ ಓದುಗರು ಅದಕ್ಕಾಗಿ ಮುಜುಗರಪಡಬೇಕಿಲ್ಲ. ತಮಿಳು ಬೈಬಲ್ಲನ್ನು ಪೂರ್ಣಗೊಳಿಸಿದ ಬೆಂಜಮಿನ್ ಶುಲ್ಟ್ಸೆ ಅವರು 1726ರಿಂದ 1743ರವರೆಗೆ ಮದರಾಸಿನಲ್ಲಿದ್ದರು. ತಮಿಳು, ತೆಲುಗುಗಳೊಡನೆ ಅಲ್ಲಿನ ಮುಸಲ್ಮಾನರ ಆಡುನುಡಿಯನ್ನೂ ಅವರು ಕಲಿತರು. ಸ್ವದೇಶಕ್ಕೆ ಮರಳಿದ ಮೇಲೆ ಜರ್ಮನಿಯ ಹಾಲೆ ನಗರದಲ್ಲಿ 1745ರಲ್ಲಿ ಅವರ ಹಿಂದುಸ್ತಾನಿ ವ್ಯಾಕರಣ ಅಚ್ಚಾಯಿತು. ಮುಂದಿನ ಸುಮಾರು ಹನ್ನೆರಡು ವರ್ಷಗಳಲ್ಲಿ ಬೈಬಲ್ಲಿನ ಹಲವು ಭಾಗಗಳು ಅದೇ ನುಡಿಯಲ್ಲಿ ಹೊರಬಂದವು. ಯೆಹೂದ್ಯರಿಗೂ ಮುಸಲ್ಮಾನರಿಗೂ ಸಾಹಿತ್ಯ ಒದಗಿಸಲೆಂದು 1728ರಲ್ಲಿ ಕಾಲೆನ್‌ಬರ್ಗ್ ಅವರು ಹಾಲೆಯಲ್ಲಿ ಕಟ್ಟಿದ ಸಂಸ್ಥೆ ಈ ಕಾರ್ಯಕ್ಕೆ ಆಸರೆಯಾಯಿತು. ಹೆಸರು ಹಿಂದುಸ್ತಾನಿ ಎಂದಿದ್ದರೂ ಶುಲ್ಟ್ಸೆಯವರು ಕಿವಿಗೊಟ್ಟದ್ದು ದಕ್ಷಿಣದ ದಖನಿಗೆ. ಹೆನ್ರಿ ಮಾರ್ಟಿನ್ ಅವರ ಉರ್ದು ಹೊಸ ಒಡಂಬಡಿಕೆ ಶ್ರೀರಾಮಪುರದಲ್ಲಿ ಅಚ್ಚಾದದ್ದು 1814ರಲ್ಲಿ. ಅದಕ್ಕೂ ಅರ್ಧ ಶತಮಾನಕ್ಕಿಂತ ಮೊದಲೇ ನಮ್ಮ ಪೇಟೆಬೀದಿಯ ನುಡಿಗೆ ಹತ್ತಿರದ ಮಾತಿನಲ್ಲಿ ಶುಭಸಂದೇಶ ಮೂಡಿತ್ತು.

ಹಾಲೆಯಲ್ಲಿ ಶುಲ್ಟ್ಸೆಯವರಿಂದ ತಮಿಳಿನ ಮೊದಲ ಪಾಠ ಹೇಳಿಸಿಕೊಂಡ ಯುವಕ ಕ್ರಿಸ್ಟಿಯನ್ ಫ್ರೆಡ್ರಿಕ್ ಶ್ವಾರ್ಟ್ಸ್. 1750ರಲ್ಲಿ ಅವರು ತರಂಗಂಬಾಡಿಗೆ ಬಂದಿಳಿದರು. ಮುಂದೆ ತಿರುಚಿನಾಪಳ್ಳಿಯಲ್ಲಿದ್ದಾಗ ನವಾಬನ ಪರಿವಾರದವರೊಡನೆ ಮಾತನಾಡಲೆಂದು ಪರ್ಷಿಯನ್ನನ್ನೂ ಹಿಂದುಸ್ತಾನಿಯನ್ನೂ ಕಲಿತರು. ಯಾರೂ ಅವರಿಂದ ಅದನ್ನು ನಿರೀಕ್ಷಿಸಿರಲಿಲ್ಲ; ಅವರ ಸಭೆಯ ಜನ ತಮಿಳರು. 1779ರಲ್ಲಿ ಮದರಾಸಿನ ಸರ್ಕಾರವು ಹೈದರ್ ಅಲಿಯವರ ಬಳಿಗೆ ಶಾಂತಿಯ ಮಾತುಕತೆಗೆ ಯಾರನ್ನು ಕಳುಹಿಸುವುದೆಂದು ಯೋಚಿಸಿದಾಗ ಈ ಕಲಿಕೆಯ ಬೆಲೆ ತಿಳಿಯಿತು. ಕಂಪನಿಯ ದೂತರನ್ನು ನಂಬುವುದಿಲ್ಲ, ಆ ಕ್ರೈಸ್ತನನ್ನು ಕಳುಹಿಸಿದರೆ ನಂಬುತ್ತೇನೆ ಎಂಬರ್ಥದ ಮಾತನ್ನು ಹೈದರ್ ಆಡಿದರೆಂದು ಶ್ವಾರ್ಟ್ಸ್ ಅವರ ಜೀವನಚರಿತ್ರೆಗಳು ಹೇಳುತ್ತವೆ. (ಪಾದ್ರಿಗೆ ಬಹುವಚನ, ಹೈದರನಿಗೆ ಏಕವಚನ ಎಂಬ ಪಾಠಪುಸ್ತಕದ ರೂಢಿಯನ್ನು ನಾವು ಇಲ್ಲಿ ಬಿಟ್ಟಿದ್ದೇವೆ. ಇಬ್ಬರೂ ಪರಸ್ಪರ ಮರ್ಯಾದೆಯಿಂದಲೇ ಮಾತನಾಡಿದವರು.)

ಶ್ವಾರ್ಟ್ಸ್ ಗಜ್ಜಲಹಟ್ಟಿ ಕಣಿವೆಯನ್ನು ಹತ್ತಿ ಆಗಸ್ಟ್ ತಿಂಗಳಲ್ಲಿ ಶ್ರೀರಂಗಪಟ್ಟಣ ತಲುಪಿದರು. ಅವರು ಕಂಡ ಹೈದರ್ ಕೋಲಾರ ಸೀಮೆಯ ಮನುಷ್ಯ ಎಂಬುದನ್ನು ಮರೆಯಬಾರದು. ಓದುಬರಹ ಬಾರದಿದ್ದರೂ ಐದು ನುಡಿಗಳಲ್ಲಿ ಸರಾಗವಾಗಿ ಮಾತನಾಡಬಲ್ಲವರೆಂದು ಇತಿಹಾಸಕಾರ ವಿಲ್ಕ್ಸ್ ದಾಖಲಿಸಿದ್ದಾನೆ: ಹಿಂದುಸ್ತಾನಿ, ಕನ್ನಡ, ಮರಾಠಿ, ತೆಲುಗು, ತಮಿಳು. ಬೂದಿಕೋಟೆ ಮತ್ತು ಕೋಲಾರದ ಸಂತೆಯಲ್ಲಿ ಕಿವಿ ತೆರೆದು ಬೆಳೆದ ಹುಡುಗನಿಗೆ ಇದು ಆಶ್ಚರ್ಯದ ಸಂಗತಿಯಲ್ಲ. ಭಾಷೆಯೆಂದರೆ ಅಧಿಕಾರವೂ ಹೌದು, ನಂಬಿಕೆಯೂ ಹೌದು ಎಂಬುದನ್ನು ಅವರು ಬಲ್ಲವರಾಗಿದ್ದರು. ಶ್ವಾರ್ಟ್ಸ್ ತಮ್ಮ ದಿನಚರಿಯಲ್ಲಿ ಬರೆದಿರುವಂತೆ, ಹೈದರ್ ಅವರನ್ನು ತಮ್ಮೊಡನೆ ರತ್ನಗಂಬಳಿಯ ಮೇಲೆ ಕೂರಿಸಿಕೊಂಡು, ಕಂಪನಿಯವರು ಒಪ್ಪಂದಗಳನ್ನು ಮುರಿದ ಬಗೆಯನ್ನು ಸವಿವರವಾಗಿ ಹೇಳಿದರು. ಬೀಳ್ಕೊಡುವ ಸಂಜೆ, ತಮ್ಮ ಜನರೊಡನೆ ಆಡಿದಂತೆ ತಮ್ಮೆದುರಿಗೂ ಪರ್ಷಿಯನ್ನಿನಲ್ಲಿ ಮಾತನಾಡಬೇಕೆಂದು ಕೇಳಿಕೊಂಡರು. ರಾಜಕಾರಣಕ್ಕೆ ಸಂಬಂಧಪಡದ ಒಬ್ಬ ಗುರು ಇಷ್ಟು ದೂರ ಏಕೆ ಬಂದನೆಂಬುದನ್ನು ಶ್ವಾರ್ಟ್ಸ್ ಆ ನುಡಿಯಲ್ಲೇ ವಿವರಿಸಿದರು. ರಕ್ತಪಾತವನ್ನು ತಡೆಯುವುದು ದೇವರಿಗೆ ಸಲ್ಲಿಸುವ ಸೇವೆಯೆಂಬುದೇ ಅದರ ಸಾರ. ಕಂಪನಿಯವರು ಶಾಂತಿಯ ಕೈ ಚಾಚಿದರೆ ತಾವು ಹಿಂತೆಗೆಯುವುದಿಲ್ಲವೆಂದು ಹೈದರ್ ಉತ್ತರಿಸಿದರು.

ಕಂಪನಿಯ ಒಳಮಾತೂ ಹೊರಮಾತೂ ಒಂದಾಗಿರಲಿಲ್ಲ. 1780ರ ಜುಲೈನಲ್ಲಿ ಹೈದರರ ಸೈನ್ಯ ಕರ್ನಾಟಿಕ್ ಬಯಲಿಗೆ ಇಳಿಯಿತು. ರಾಯಭಾರ ಸೋತಿತು. ಆದರೂ ಪಾದ್ರಿ ಶ್ವಾರ್ಟ್ಸ್ ಎಲ್ಲಿ ಹೋದರೂ ತಡೆಯದೆ, ಗೌರವದಿಂದ ಬಿಡಬೇಕೆಂದು ಹೈದರ್ ತಮ್ಮ ಅಧಿಕಾರಿಗಳಿಗೆ ಅಪ್ಪಣೆ ಕೊಟ್ಟಿದ್ದರು. ಯುದ್ಧದ ನಡುವೆ, ಹಳ್ಳಿಗಳು ಹೊತ್ತಿ ಉರಿಯುತ್ತಿದ್ದಾಗ, ಶ್ವಾರ್ಟ್ಸ್ ಸಂಚರಿಸಿದರು, ತಂಜಾವೂರಿನಲ್ಲಿ ಹಸಿದವರಿಗೆ ಅಕ್ಕಿ ಹಂಚಿದರು. ಹೈದರ್ ದಾರಿಖರ್ಚಿಗೆಂದು ಕೊಟ್ಟಿದ್ದ 300 ರೂಪಾಯಿಗಳ ಚೀಲವನ್ನು ಅವರು ಮದರಾಸಿನ ಸರ್ಕಾರಕ್ಕೆ ಒಪ್ಪಿಸಿದ್ದರು. ಸರ್ಕಾರ ಅದನ್ನು ಹಿಂದಿರುಗಿಸಿದಾಗ ತಂಜಾವೂರಿನ ಧರ್ಮಶಾಲೆಯೊಂದರ ನಿಧಿಗೆ ಅದನ್ನು ಮೂಲಧನವಾಗಿಟ್ಟರು. ಹೈದರ್ ಕ್ರೈಸ್ತರಾಗಲಿಲ್ಲ. ಶ್ವಾರ್ಟ್ಸ್ ತಮ್ಮ ವಿಶ್ವಾಸವನ್ನು ಮರೆಮಾಚಲೂ ಇಲ್ಲ. ಶ್ರೀರಂಗಪಟ್ಟಣದಲ್ಲಿದ್ದ ಐರೋಪ್ಯ ಸೈನಿಕರಿಗೆ ಡೇರೆಯೊಂದರಲ್ಲಿ ಬಹಿರಂಗವಾಗಿಯೇ ಉಪದೇಶ ಮಾಡಿದರು. ಸಂತ ಅಸ್ಸಿಸಿಯ ಫ್ರಾನ್ಸಿಸರು 1219ರಲ್ಲಿ ಡಮಿಯೆಟ್ಟಾದ ಯುದ್ಧಭೂಮಿಯನ್ನು ದಾಟಿ ಸುಲ್ತಾನ್ ಅಲ್ ಕಾಮಿಲ್ ಅವರನ್ನು ಕಂಡು ಬಂದ ಮೇಲೆ, 1221ರ ನಿಯಮಾವಳಿಯಲ್ಲಿ, ಮುಸಲ್ಮಾನರ ನಡುವೆ ಬಾಳುವ ಸೋದರರು ವಾದ ಜಗಳಗಳನ್ನು ಮಾಡದೆ, ಎಲ್ಲರಿಗೂ ವಿಧೇಯರಾಗಿ, ತಾವು ಕ್ರೈಸ್ತರೆಂದು ಒಪ್ಪಿಕೊಂಡು ಇರುವುದು ಒಂದು ಮಾರ್ಗವೆಂದೂ, ದೇವರ ಚಿತ್ತವೆಂದು ಕಂಡಾಗ ವಾಕ್ಯವನ್ನು ಸಾರುವುದು ಇನ್ನೊಂದು ಮಾರ್ಗವೆಂದೂ ವಿಧಿಸಿದರು. ಶ್ವಾರ್ಟ್ಸ್ ಈ ಎರಡನ್ನೂ ನಡೆದು ತೋರಿಸಿದರೆಂದು ನಮ್ಮ ಅಭಿಪ್ರಾಯ.

ಆದರೆ ಕರ್ನಾಟಕದ ಕಥೋಲಿಕರ ನೆನಪಿನಲ್ಲಿ 1779ಕ್ಕಿಂತ 1784 ದೊಡ್ಡ ಅಕ್ಷರಗಳಲ್ಲಿದೆ. ಆ ವರ್ಷ ಟಿಪ್ಪು ಸುಲ್ತಾನರು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. 1799ರಲ್ಲಿ ಪಟ್ಟಣ ಬೀಳುವವರೆಗೆ ಆ ಸೆರೆ ಮುಗಿಯಲಿಲ್ಲ. ಚದುರಿದ ಸಭೆಯನ್ನು ಮತ್ತೆ ಒಟ್ಟುಗೂಡಿಸಲು ಅಬ್ಬೆ ದ್ಯುಬುವಾ ಅವರು ಶ್ರಮಿಸಿದರು. ಕರಾವಳಿಯಿಂದ ನಮ್ಮ ಗುರುಮಠಗಳಿಗೆ ಬರುವ ತರುಣರು ಈ ನೆನಪನ್ನು ಅಜ್ಜಿಯ ಬಾಯಿಂದ ಕೇಳಿಕೊಂಡೇ ಬರುತ್ತಾರೆ. ಅದನ್ನು ಅಳಿಸುವಂತೆ ಯಾರೂ ಅವರಿಗೆ ಹೇಳಲಾಗದು, ಹೇಳಲೂಬಾರದು. ಇತಿಹಾಸದ ಅಧ್ಯಾಪಕನು ಮಾಡಬಹುದಾದದ್ದು ಆ ನೆನಪಿನ ಪಕ್ಕದಲ್ಲಿ ಇತರ ಸಂಗತಿಗಳನ್ನೂ ಇಡುವುದು. 1768ರಲ್ಲಿ ಇಂಗ್ಲಿಷರ ಸೈನ್ಯ ಕೋಲಾರವನ್ನೂ ಮುಳಬಾಗಿಲನ್ನೂ ಹಿಡಿದಾಗ ಅದರ ಜೊತೆಯಲ್ಲಿದ್ದವರು ಆರ್ಕಾಟಿನ ಮುಸಲ್ಮಾನ ನವಾಬರು. ಎದುರಿಗಿದ್ದ ಹೈದರರ ಸೈನ್ಯದಲ್ಲಿ ಕ್ರೈಸ್ತರಿದ್ದರು. ಆ ವರ್ಷ ಅಕ್ಟೋಬರಿನಲ್ಲಿ ಮುಳಬಾಗಿಲಿನ ಬಂಡೆಗಳ ನಡುವೆ ನಡೆದ ಕಾಳಗದಲ್ಲಿ ಯಾರ ಧರ್ಮ ಯಾರ ವಿರುದ್ಧವಿತ್ತೆಂದು ಬೇರ್ಪಡಿಸಲು ಹೊರಟವನು ಸೋಲುತ್ತಾನೆ.

ಮುಂದಿನ ಶತಮಾನದಲ್ಲಿ ಕೋಲಾರಕ್ಕೆ ಕ್ರೈಸ್ತ ಸೇವೆ ಬಂದದ್ದು ಬರಗಾಲದ ಬೆನ್ನಿಗೆ. 1876ರಿಂದ 78ರವರೆಗಿನ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಸುಮಾರು 10 ಲಕ್ಷ ಜನ ಸತ್ತರು. ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಅನಾಥ ಮಕ್ಕಳನ್ನು ಕೂಡಿಹಾಕಿಕೊಂಡು ಸಾಕಿದರು. ಆಕೆಯ ಮಿಷನ್ 1890ರಲ್ಲಿ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯ ಕೈಸೇರಿತು. ಆ ಮಕ್ಕಳು ಬದುಕಿದರೆಂಬುದು ದೊಡ್ಡ ಮಾತು. ಆದರೆ ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ, ವಿಶೇಷವಾಗಿ ಬಡವರೂ ಅಕ್ಷರವಿಲ್ಲದವರೂ ಆದವರ ನಡುವೆ ಒತ್ತಾಯದ ಅಥವಾ ಆಮಿಷದ ಸೋಂಕಿರುವ ಯಾವ ಬೋಧನೆಯೂ ಸಲ್ಲದೆಂದು ಹೇಳಿರುವುದನ್ನು ಓದಿದವರಿಗೆ, ಅನ್ನದ ಬಟ್ಟಲಿನೊಡನೆ ದೀಕ್ಷಾಸ್ನಾನದ ಪಾತ್ರೆಯನ್ನೂ ಇಟ್ಟ 19ನೇ ಶತಮಾನದ ಅನಾಥಾಲಯಗಳು, ನಮ್ಮವೂ ಸೇರಿದಂತೆ, ನಿರಾಯಾಸವಾದ ಹೆಮ್ಮೆಯನ್ನು ಕೊಡಲಾರವು. ನಮ್ಮ ಮುಸಲ್ಮಾನ ನೆರೆಯವರೂ ಹಿಂದೂ ನೆರೆಯವರೂ ನಮ್ಮ ಸೇವೆಯನ್ನು ಇಂದಿಗೂ ಒಂದು ಕಣ್ಣು ಕಿರಿದುಮಾಡಿ ನೋಡುವುದಕ್ಕೆ ಕಾರಣ ಇಲ್ಲದಿಲ್ಲ.

ಮೆಥಡಿಸ್ಟ್ ಸಭೆಯ ಮಹಿಳಾ ಸಂಘವು ಕಟ್ಟಿದ ಆಸ್ಪತ್ರೆಯ ಕಥೆ ಬೇರೆ. ಊರಿನವರು ಇ.ಟಿ.ಸಿ.ಎಂ. ಎಂದೇ ಕರೆಯುವ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ 20ನೇ ಶತಮಾನದ ಆರಂಭದ ದಶಕಗಳಿಂದ ಕೋಲಾರದಲ್ಲಿದೆ. ಎಲೆನ್ ಅವರು ಲಖನೌದಲ್ಲಿ ಮಹಿಳಾ ಕಾಲೇಜು ಸ್ಥಾಪಿಸಿದ ಇಸಬೆಲ್ಲಾ ಥೋಬರ್ನ್ ಅವರ ಸೋದರಿ. ಗೋಷಾ ಪಾಲಿಸುತ್ತಿದ್ದ ಮನೆತನಗಳ ಸ್ತ್ರೀಯರು ಪುರುಷ ವೈದ್ಯನೆದುರು ನಾಡಿ ತೋರಿಸಲೂ ಹಿಂಜರಿಯುತ್ತಿದ್ದ ಕಾಲದಲ್ಲಿ ಮಹಿಳಾ ವೈದ್ಯರೂ ದಾದಿಯರೂ ಇರುವ ಆಸ್ಪತ್ರೆ ಏನನ್ನು ಸಾಧ್ಯವಾಗಿಸಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಬೀದಿಯ ಬೋಧಕ ಕಾಲಿಡಲಾಗದ ಅಂಗಳವನ್ನು ಸೂಲಗಿತ್ತಿಯ ಕೆಲಸ ಮಾಡಿದ ದಾದಿ ದಾಟಿದಳು. ಈ ಮಹಿಳೆಯರ ಹೆಸರುಗಳು ದೈವಶಾಸ್ತ್ರದ ಗ್ರಂಥಗಳಲ್ಲಿ ಸಿಗುವುದಿಲ್ಲ. ನಮ್ಮ ದೃಷ್ಟಿಯಲ್ಲಿ, ಕೋಲಾರದಲ್ಲಿ ಶ್ವಾರ್ಟ್ಸ್ ಅವರ ಉತ್ತರಾಧಿಕಾರಿಗಳೆಂದು ಕರೆಯಬಹುದಾದವರು ಅವರೇ, ಏಕೆಂದರೆ ಹೆರಿಗೆಯ ಕೋಣೆಯಲ್ಲಿ ‘ದರ್ದ್ ಹೈ ಕ್ಯಾ ಅಮ್ಮಾ’ ಎಂದು ಕೇಳದೆ ಕೆಲಸ ನಡೆಯುವುದಿಲ್ಲ.

ಇಷ್ಟು ಮಾತು ಆಸ್ಪತ್ರೆಗೆ ಸಾಕು. ವಿಶ್ವಾಸವನ್ನು ಹೇಳಲು ಸಾಲದು. ಇಲ್ಲಿ ಭಾಷೆಯ ಪ್ರಶ್ನೆ ದೈವಶಾಸ್ತ್ರದ ಪ್ರಶ್ನೆಯಾಗುತ್ತದೆ. ಒಂದೇ ಉದಾಹರಣೆಯನ್ನು ತೆಗೆದುಕೊಳ್ಳೋಣ. ಕನ್ನಡದಲ್ಲಿ ‘ದೇವಪುತ್ರ’ ಎಂದಾಗ ಆ ಸಂಸ್ಕೃತ ಸಮಾಸ ಶರೀರದ ಅರ್ಥವನ್ನು ದೂರವಿರಿಸಿ, ಸ್ತುತಿಯ ಎತ್ತರದಲ್ಲಿ ನಿಲ್ಲುತ್ತದೆ. ಅದನ್ನೇ ‘ಖುದಾ ಕಾ ಬೇಟಾ’ ಎಂದು ಮುಸಲ್ಮಾನ ಗೆಳೆಯನೆದುರು ಆಡಿದರೆ ‘ಬೇಟಾ’ ಎಂಬುದು ಹೆಂಡತಿ, ತೊಟ್ಟಿಲು, ಸಂಸಾರವನ್ನು ಕಣ್ಣಮುಂದೆ ತರುತ್ತದೆ. ದೇವರು ಹೆತ್ತವನೂ ಅಲ್ಲ, ಹೆರಲ್ಪಟ್ಟವನೂ ಅಲ್ಲ ಎಂಬ ಕುರಾನಿನ 112ನೆಯ ಅಧ್ಯಾಯವನ್ನು ದಿನದ ನಮಾಜಿನಲ್ಲಿ ಮತ್ತೆ ಮತ್ತೆ ಹೇಳುವ ಕಿವಿಗೆ ಅದು ದೈವದೂಷಣೆಯಾಗಿ ಕೇಳಿಸುತ್ತದೆ. ನಿಸೇಯದ ಮಹಾಸಭೆ 325ರಲ್ಲಿ ಸಾರಿದ್ದು ಶರೀರಸಂಬಂಧವಾದ ಜನನವನ್ನಲ್ಲ ಎಂದು ವಿವರಿಸಬೇಕಾದರೆ ನಮಗೆ ಬೇಟಾ ಎಂಬ ಪದ ಎಲ್ಲಿ ತಾಗುತ್ತದೆಂಬುದು ಮೊದಲು ಗೊತ್ತಿರಬೇಕು. ಅದೇ ಕುರಾನು 4ನೆಯ ಅಧ್ಯಾಯದಲ್ಲಿ ಮರಿಯಮಳ ಮಗ ಈಸಾರನ್ನು ದೇವರ ‘ಕಲಿಮ’ ಅಂದರೆ ವಾಕ್ಯವೆಂದು ಕರೆದಿದೆ. ಯೊವಾನ್ನರ ಶುಭಸಂದೇಶದ ಮೊದಲ ಪುಟವನ್ನು ಬಲ್ಲವನಿಗೆ ಮಾತು ಆರಂಭಿಸಲು ಇದಕ್ಕಿಂತ ಬೇರೆ ಹೊಸ್ತಿಲು ಬೇಕೆ? ಎರಡೂ ಕಡೆಯವರು ಆ ಪದಕ್ಕೆ ಕೊಡುವ ಅರ್ಥ ಒಂದೇ ಅಲ್ಲವೆಂಬುದು ನಿಜ. ವ್ಯತ್ಯಾಸವನ್ನು ಪ್ರಾಮಾಣಿಕವಾಗಿ ತಲುಪುವುದಕ್ಕೂ ಒಂದು ಸಾಮಾನ್ಯ ಪದ ಬೇಕು. ಇನ್ನೊಂದು ಸಣ್ಣ ಸಂಗತಿ: ಉರ್ದು ಬೈಬಲ್ಲಿನ ‘ಯಸೂ ಮಸೀಹ್’ ಮುಸಲ್ಮಾನನಿಗೆ ಪರಕೀಯ, ಅವನ ‘ಹಜ್ರತ್ ಈಸಾ’ ನಮ್ಮವರಿಗೆ ಪರಕೀಯ. ಒಬ್ಬನೇ ವ್ಯಕ್ತಿಯನ್ನು ಕುರಿತು ಮಾತನಾಡುತ್ತಿದ್ದೇವೆಂದು ತಿಳಿಯುವುದಕ್ಕೇ ಕೆಲವೊಮ್ಮೆ ಅರ್ಧ ಗಂಟೆ ಹಿಡಿಯುತ್ತದೆ.

ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ‘ನೊಸ್ತ್ರಾ ಎತಾತೆ’ಯ 3ನೆಯ ಪರಿಚ್ಛೇದವು, ಹಿಂದಿನ ಹಗೆಗಳನ್ನು ಬದಿಗಿಟ್ಟು, ಪರಸ್ಪರ ಅರಿವಿಗಾಗಿ ಪ್ರಾಮಾಣಿಕವಾಗಿ ಶ್ರಮಿಸುವಂತೆ ಎರಡೂ ಕಡೆಯವರನ್ನು ಕೇಳಿಕೊಂಡಿತು. ಭಾರತದಲ್ಲಿ ಆ ಕರೆಗೆ ಓಗೊಟ್ಟವರು ಇಲ್ಲದಿಲ್ಲ. ಯೇಸುಸಭೆಯ ಕ್ರಿಸ್ಟಿಯನ್ ಟ್ರಾಲ್ ಮತ್ತು ಪಾಲ್ ಜ್ಯಾಕ್ಸನ್ ಮುಂತಾದವರು 1979ರಲ್ಲಿ ಇಸ್ಲಾಂ ಅಧ್ಯಯನ ಸಂಘವನ್ನು ಕಟ್ಟಿದರು. ಜ್ಯಾಕ್ಸನ್ ಅವರು ಪಾಟ್ನಾದಲ್ಲಿ ನೆಲೆಸಿ ಸೂಫಿ ಶರಫುದ್ದೀನ್ ಮನೇರಿಯವರ ಪತ್ರಗಳನ್ನು ಇಂಗ್ಲಿಷಿಗೆ ತಂದರು. 1930ರಲ್ಲಿ ಲಾಹೋರಿನಲ್ಲಿ ಆರಂಭವಾದ ಹೆನ್ರಿ ಮಾರ್ಟಿನ್ ಸಂಸ್ಥೆ ಊರೂರು ಅಲೆದು ಕೊನೆಗೆ ಹೈದರಾಬಾದಿನಲ್ಲಿ ನೆಲೆನಿಂತಿದೆ. ಮುಸಲ್ಮಾನರನ್ನು ಮತಾಂತರಿಸಲು ಕೆಲಸಗಾರರನ್ನು ತಯಾರಿಸುವ ಶಾಲೆಯಾಗಿ ಹುಟ್ಟಿದ ಅದು ಇಂದು ಸಾಮರಸ್ಯದ ಅಧ್ಯಯನಕೇಂದ್ರವಾಗಿದೆ. ಈ ಬದಲಾವಣೆಯನ್ನು ಕೆಲವರು ಸೋಲೆನ್ನುತ್ತಾರೆ. ಶ್ರೀರಂಗಪಟ್ಟಣದ ಆ ಸಂಜೆಯನ್ನು ನೆನೆದರೆ ನಮಗೆ ಹಾಗೆ ತೋರುವುದಿಲ್ಲ. ನಮ್ಮ ಗುರುಮಠಗಳ ಸ್ಥಿತಿ ಮಾತ್ರ ಬೇರೆ. ಗ್ರೀಕ್ ಕಲಿಸುತ್ತೇವೆ, ಹೀಬ್ರೂ ಕಲಿಸುತ್ತೇವೆ, ಇಸ್ಲಾಮನ್ನು ಇಂಗ್ಲಿಷ್ ಪಠ್ಯದ ಮೂಲಕ ಒಂದು ಪತ್ರಿಕೆಯಾಗಿ ಮುಗಿಸುತ್ತೇವೆ. ಪರೀಕ್ಷೆ ಬರೆದ ಗುರು ಮುಳಬಾಗಿಲಿಗೆ ವರ್ಗವಾಗಿ ಹೋದಾಗ ದರ್ಗಾದ ಬಾಗಿಲಲ್ಲಿ ಕೂತ ಮುದುಕನ ಕುಶಲವನ್ನು ಕನ್ನಡದಲ್ಲಿ ಕೇಳುತ್ತಾನೆ. ಮುದುಕ ಕನ್ನಡದಲ್ಲೇ ಉತ್ತರಿಸುತ್ತಾನೆ. ಪ್ರತಿ ಸಲವೂ ಹೊಸ್ತಿಲು ದಾಟುವವನು ಅವನೇ.

ಈಗ ಈ ಸೀಮೆಗೆ ನಿಜವಾದ ಅರ್ಥದಲ್ಲಿ ವಲಸೆಗಾರರು ಬರುತ್ತಿದ್ದಾರೆ. ಮಾಲೂರಿನ ಇಟ್ಟಿಗೆ ಗೂಡುಗಳಿಗೆ, ಅಲ್ಲಿನ ಮತ್ತು ಕೋಲಾರ ತಾಲ್ಲೂಕಿನ ನರಸಾಪುರದ ಕೈಗಾರಿಕಾ ಪ್ರದೇಶಗಳಿಗೆ ಉತ್ತರದ, ಪೂರ್ವದ ರಾಜ್ಯಗಳಿಂದ ತರುಣರು ಬಂದು, ಒಂದೇ ಕೋಣೆಯಲ್ಲಿ ನಾಲ್ಕಾರು ಮಂದಿ ಬಾಡಿಗೆಗಿದ್ದಾರೆ. ಅವರಲ್ಲಿ ಮುಸಲ್ಮಾನರಿದ್ದಾರೆ, ಜಾರ್ಖಂಡ್, ಒಡಿಶಾಗಳ ಆದಿವಾಸಿ ಕ್ರೈಸ್ತರೂ ಇದ್ದಾರೆ. ಅವರ ಮಾತನ್ನು ದಖನಿಯಾಡುವ ಸ್ಥಳೀಯ ಮುಸಲ್ಮಾನ ಅಂಗಡಿಯವನು ಕನ್ನಡಿಗ ಕ್ರೈಸ್ತನಿಗಿಂತ ಬೇಗ ಅರ್ಥಮಾಡಿಕೊಳ್ಳುತ್ತಾನೆ. ತನ್ನ ಧರ್ಮಕೇಂದ್ರದ ಎಲ್ಲೆಯೊಳಗಿರುವ ಜಾರ್ಖಂಡಿನ ಹುಡುಗರಿಗೆ ಪಾಪನಿವೇದನೆಯ ಸಂಸ್ಕಾರ ನೀಡಬೇಕಾದ ಗುರು ಹೇಗಿದ್ದರೂ ಹಿಂದಿ ಕಲಿಯಲೇಬೇಕಾಗಿದೆ. ಅಲ್ಲಿಂದ ದಖನಿಗೆ ಹೆಚ್ಚು ದೂರವಿಲ್ಲ. ಬಹುವಚನಕ್ಕೆ ‘ಲೋಗಾಂ’, ‘ಬಾತಾಂ’ ಎನ್ನುವುದನ್ನು ರೂಢಿಸಿಕೊಂಡರೆ ಅರ್ಧ ದಾರಿ ಸವೆಯುತ್ತದೆ. ಉರ್ದು ಲಿಪಿಗೆ ಇನ್ನೂ ಕೆಲವು ತಿಂಗಳು ಬೇಕಾದಾವು. ದೈವಶಾಸ್ತ್ರದ ಎರಡನೆಯ ವರ್ಷದ ಪಠ್ಯಕ್ರಮದಲ್ಲಿ ವಾರಕ್ಕೆ ಎರಡು ತಾಸುಗಳನ್ನು ಇದಕ್ಕೆ ಮೀಸಲಿಡಬೇಕೆಂದೂ, ಪಾಠ ಹೇಳಲು ಕೋಲಾರದ ಮುಸಲ್ಮಾನ ಅಧ್ಯಾಪಕರನ್ನೇ ಸಂಬಳ ಕೊಟ್ಟು ಕರೆಸಬೇಕೆಂದೂ ನಮ್ಮ ಸಲಹೆ.